ಬಂಪರ್ ಬಿಚ್ಚುವ ಮೊದಲು ತೀರ್ಮಾನ ಬೇಡ: ಒಂದು ಕಾರ್ ಕ್ಲೇಮಿನ ಪ್ರಕರಣ ಅಧ್ಯಯನ

ಕಾರಿಗೆ ಪೆಟ್ಟಾದಾಗ ಇನ್ಶೂರೆನ್ಸ್ ಕ್ಲೇಮ್ ಮಾಡಬೇಕೋ, ಕೈಯಿಂದಲೇ ಹಾಕಿ ರಿಪೇರಿ ಮಾಡಿಸಬೇಕೋ ಎಂದು ಕೇಳಿದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರ ಸಿಗುತ್ತವೆ. "ಪ್ರೀಮಿಯಂ ಕಟ್ಟೋದೇ ಇದಕ್ಕೆ, ಕ್ಲೇಮ್ ಮಾಡಿ" ಎನ್ನುವವರು ಒಂದಷ್ಟು ಜನ. "ಎನ್‌ಸಿಬಿ ಹೋಗುತ್ತೆ, ಸುಮ್ಮನೆ ಕೈಯಿಂದ ಹಾಕಿ ಮುಗಿಸಿ" ಎನ್ನುವವರು ಇನ್ನೊಂದಷ್ಟು ಜನ. ಎನ್‌ಸಿಬಿ ಅಂದರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಇಬ್ಬರೂ ಸಾಮಾನ್ಯವಾಗಿ ಪಾಲಿಸಿಯನ್ನು ತೆರೆದು ನೋಡಿರುವುದಿಲ್ಲ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಈ ಎರಡೂ ಉತ್ತರಗಳು ಒಂದೇ ವಾರದಲ್ಲಿ ಸರದಿಯ ಮೇಲೆ ಸರಿ ಎನಿಸಿದವು, ಸರದಿಯ ಮೇಲೆ ತಪ್ಪಾದವು. ಬಾಡಿಶಾಪ್‌ಗಳ ಎಸ್ಟಿಮೇಟ್ ಮತ್ತು ಕ್ಲೇಮ್ ಕಾಗದಗಳ ನಡುವೆಯೇ ಕೆಲಸ ಮಾಡುತ್ತ ಬಂದವನಾದ್ದರಿಂದ ಪರಿಚಯದವರು ಇಂಥದ್ದನ್ನು ನನ್ನ ಬಳಿ ತರುತ್ತಾರೆ. ಇದೂ ಹಾಗೆಯೇ ಬಂದದ್ದು.

ಹಿನ್ನೆಲೆ

ಕಾರಿನ ಮಾಲೀಕರು ಪ್ರೌಢಶಾಲೆಯೊಂದರ ಶಿಕ್ಷಕಿ. ಊರು, ಕಾರಿನ ಕಂಪನಿ, ವಿಮಾ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದಂತೆಯೇ ಇದೆ.

ಕಾರು 1,197 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೊಂಡು ಐದು ವರ್ಷ ತುಂಬಲು ಇನ್ನೂ ಕೆಲವು ವಾರ ಬಾಕಿ ಇತ್ತು. ಇಷ್ಟು ವರ್ಷ ಒಂದೂ ಕ್ಲೇಮ್ ಇಲ್ಲ. ಹಾಗಾಗಿ ಚಾಲ್ತಿ ಪಾಲಿಸಿಯಲ್ಲಿ 45% ನೋ ಕ್ಲೇಮ್ ಬೋನಸ್ ಇತ್ತು, ಮುಂದಿನ ರಿನ್ಯೂವಲ್‌ನಲ್ಲಿ ಅದು 50%ಕ್ಕೆ ಏರಿ ಅಲ್ಲೇ ನಿಲ್ಲಬೇಕಿತ್ತು. ಮೊದಲ ವರ್ಷಗಳಲ್ಲಿ ಜೀರೋ ಡೆಪ್, ಅಂದರೆ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದಂತೆ ಮಾಡುವ ಹೆಚ್ಚುವರಿ ರಕ್ಷಣೆ (ಆಡ್-ಆನ್), ಹಾಕಿಸಿಕೊಂಡಿದ್ದರು. ಆಮೇಲೆ, ಕ್ಲೇಮೇ ಇಲ್ಲವಲ್ಲ ಎಂದು ಬಿಟ್ಟರು. ಎನ್‌ಸಿಬಿ ಪ್ರೊಟೆಕ್ಟ್ ಎಂಬ, ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಆಡ್-ಆನ್ ಇರಲಿಲ್ಲ.

ಒಂದು ಸಂಜೆ ಶಾಲೆಯಿಂದ ಮನೆಗೆ ಬರುವಾಗ, ಸಿಗ್ನಲ್ ಬಿಟ್ಟು ನಿಧಾನಕ್ಕೆ ಸಾಗುತ್ತಿದ್ದ ಸಾಲಿನಲ್ಲಿ ಎಡಗಡೆಯಿಂದ ನುಗ್ಗಿದ ಗೂಡ್ಸ್ ಆಟೊ ಕಾರಿನ ಮುಂಭಾಗದ ಎಡಮೂಲೆಗೆ ಗುದ್ದಿತು. ಯಾರಿಗೂ ಗಾಯವಿಲ್ಲ. ಬಂಪರ್ ಸೀಳಿತ್ತು, ಎಡ ಹೆಡ್‌ಲೈಟ್ ಒಡೆದಿತ್ತು, ಫೆಂಡರ್ ಒಳಕ್ಕೆ ಹೋಗಿತ್ತು. ಆಟೊ ಚಾಲಕ ತನ್ನದೇ ತಪ್ಪು ಎಂದು ಒಪ್ಪಿಕೊಂಡು, ಜೇಬಿನಲ್ಲಿದ್ದ 3,000 ರೂಪಾಯಿ ತೆಗೆದು, "ಅಕ್ಕ, ಇಷ್ಟೇ ಇರೋದು, ಇಲ್ಲಿಗೇ ಬಿಟ್ಬಿಡಿ" ಎಂದ. ಅವರು ಹಣ ತೆಗೆದುಕೊಳ್ಳಲಿಲ್ಲ. ಗಾಡಿ ನಂಬರ್, ಚಾಲಕನ ಲೈಸೆನ್ಸ್, ಅವನ ಇನ್ಶೂರೆನ್ಸ್ ಕಾಗದ, ಎರಡೂ ಗಾಡಿ ನಿಂತಿದ್ದ ಜಾಗ ಎಲ್ಲದರ ಫೋಟೊ ತೆಗೆದುಕೊಂಡರು. ಗಾಬರಿಯ ಹೊತ್ತಿನಲ್ಲಿ ಇಷ್ಟು ಮಾಡಿದ್ದು ದೊಡ್ಡದು. ಹಣ ತೆಗೆದುಕೊಳ್ಳದಿದ್ದುದೂ ಒಳ್ಳೆಯದೇ ಆಯಿತು. ವಿಮಾ ಕಂಪನಿಗೆ ತಿಳಿಸದೆ ಎದುರಿನವರ ಜೊತೆ ರಾಜಿ, ಒಪ್ಪಂದ, ಭರವಸೆ ಯಾವುದನ್ನೂ ಮಾಡಿಕೊಳ್ಳಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಅಲ್ಲದೆ ಒಳಗೆ ಏನಾಗಿದೆ ಎಂದು ರಸ್ತೆಯ ಮೇಲೆ ನಿಂತು ಯಾರಿಗೂ ಹೇಳಲಾಗುವುದಿಲ್ಲ.

ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡಿದಾಗ ಅವರ ಮನಸ್ಸು ಬಹುಪಾಲು ಕ್ಲೇಮಿನ ಕಡೆಗೇ ಇತ್ತು. "ಸರ್, ಇಷ್ಟು ವರ್ಷ ಕಟ್ಟಿದ್ದೀನಿ, ಒಂದು ಸಲನೂ ಕೇಳಿಲ್ಲ. ಈಗಲೂ ಕೇಳಬಾರದು ಅಂದ್ರೆ ಹೇಗೆ?" ಈ ನೋವು ನ್ಯಾಯವಾದದ್ದು. ಆದರೆ ಕಟ್ಟಿದ ಪ್ರೀಮಿಯಂ ಕಟ್ಟಿಯಾಗಿದೆ. ಕ್ಲೇಮ್ ಮಾಡಿದರೂ ಅದು ವಾಪಸ್ ಬರುವುದಿಲ್ಲ, ಮಾಡದಿದ್ದರೂ ಬರುವುದಿಲ್ಲ. ಲೆಕ್ಕ ಇಂದಿನಿಂದ ಮುಂದಕ್ಕೆ ಮಾತ್ರ.

ಮೊದಲ ತೀರ್ಮಾನ: ತಿಳಿಸುವುದು, ಆದರೆ ಕೇಳದಿರುವುದು

ಅವತ್ತೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಅಪಘಾತದ ಸಮಯ, ಜಾಗ, ಎದುರು ಗಾಡಿಯ ನಂಬರ್ ಹೇಳಿ ಒಂದು ಇಂಟಿಮೇಷನ್ ನಂಬರ್ ತೆಗೆದುಕೊಳ್ಳಿ ಎಂದೆ. ಅವರು ಹಿಂಜರಿದರು. ತಿಳಿಸಿದ ಕೂಡಲೇ ಬೋನಸ್ ಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದರಂತೆ. ತಿಳಿಸುವುದು ಬೇರೆ, ಹಣ ಪಡೆಯುವುದು ಬೇರೆ. ಒಂದು ರೂಪಾಯಿಯೂ ಪಾವತಿಯಾಗದೆ ಹಿಂಪಡೆದ ಕ್ಲೇಮಿನಿಂದ ಎನ್‌ಸಿಬಿ ಸಾಮಾನ್ಯವಾಗಿ ಕಡಿತವಾಗುವುದಿಲ್ಲ. ಆದರೆ "ಪಾವತಿ ಇಲ್ಲದೆ ಮುಚ್ಚಲಾಗಿದೆ" ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ರಿನ್ಯೂವಲ್ ಹೊತ್ತಿಗೆ ದಾಖಲೆಯಲ್ಲಿ ಅದು ಕ್ಲೇಮ್ ಎಂದೇ ಕಂಡು ತಕರಾರಾಗಬಹುದು.

ತಿಳಿಸದೆ ಕಾಯುವುದರ ಅಪಾಯ ಇದಕ್ಕಿಂತ ದೊಡ್ಡದು. ಅಪಘಾತವಾದ ಕೂಡಲೇ ತಿಳಿಸಬೇಕು ಎಂಬುದು ಪಾಲಿಸಿಯ ಷರತ್ತು. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಹೇಳಿದೆ, ನಿಜ. ಆದರೂ ಎರಡು ವಾರ ಓಡಾಡಿ ಬಂದ ಕಾರಿನಲ್ಲಿ ಯಾವ ಪೆಟ್ಟು ಯಾವತ್ತಿನದು ಎಂದು ಸಾಬೀತು ಮಾಡುವ ಪಾಡು ಮಾಲೀಕರದ್ದೇ. ಅವರು ಕರೆ ಮಾಡಿದರು. ಈ ಪ್ರಕರಣದಲ್ಲಿ ಆಮೇಲೆ ಒಳ್ಳೆಯದಾದದ್ದಕ್ಕೆಲ್ಲ ಈ ಒಂದು ಕರೆ ಬುನಾದಿ.

ಎಸ್ಟಿಮೇಟ್ ಮತ್ತು ಚೆಕ್ ಒಂದೇ ಅಲ್ಲ

ಕಾರು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ, ಹೊರಗಿನಿಂದ ನೋಡಿ ಕೊಟ್ಟ ಎಸ್ಟಿಮೇಟ್ 21,400 ರೂಪಾಯಿ. ಬಂಪರ್ 3,200, ಹೆಡ್‌ಲೈಟ್ 5,400, ಫೆಂಡರ್ 2,600, ಕ್ಲಿಪ್ಪು ಮತ್ತು ಬ್ರಾಕೆಟ್ಟು 800, ಲೇಬರ್ 3,000, ಪೇಂಟಿಂಗ್ 6,400. ಎಲ್ಲವೂ ಜಿಎಸ್‌ಟಿ ಸೇರಿ.

ಅವರ ಭಾವನ ವಾದ ಸರಳವಾಗಿತ್ತು: "ಬಿಲ್ಲು ಇಪ್ಪತ್ತೊಂದು ಸಾವಿರ, ಬೋನಸ್ಸು ವರ್ಷಕ್ಕೆ ನಾಲ್ಕು ಸಾವಿರ. ಇದರಲ್ಲಿ ಯೋಚನೆ ಮಾಡೋದೇನಿದೆ?" ಈ ಎರಡೂ ಹೋಲಿಸಬೇಕಾದ ಅಂಕಿಗಳಲ್ಲ. ಎಷ್ಟೋ ಮನೆಗಳಲ್ಲಿ ತೀರ್ಮಾನ ದಾರಿ ತಪ್ಪುವುದು ಇಲ್ಲೇ ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು.

ಮೊದಲು ಬಿಲ್ಲಿನ ಕಡೆ. ಜೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಕಂಪನಿ ಭಾಗಗಳ ಪೂರ್ತಿ ಬೆಲೆ ಕೊಡುವುದಿಲ್ಲ, ಸವಕಳಿ ಕಳೆಯುತ್ತದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ 50%. ಫೈಬರ್‌ಗೆ 30%. ಗಾಜಿಗೆ ಏನೂ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: ಆರು ತಿಂಗಳವರೆಗೆ ಕಡಿತವಿಲ್ಲ, ಆಮೇಲೆ 5%ರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ನಾಲ್ಕರಿಂದ ಐದು ವರ್ಷದ ಕಾರಿಗೆ 35%, ಐದು ದಾಟಿದರೆ 40%, ಹತ್ತು ದಾಟಿದರೆ 50%. ಪೇಂಟಿಂಗ್‌ನಲ್ಲಿ ಬಣ್ಣದ ಸಾಮಗ್ರಿಯ ಬೆಲೆಗೆ ಮಾತ್ರ 50% ಕಡಿತ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬೇರೆಬೇರೆ ತೋರಿಸದಿದ್ದರೆ ಒಟ್ಟು ಪೇಂಟಿಂಗ್ ಖರ್ಚಿನ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ಲೇಬರ್‌ಗೆ ಸವಕಳಿ ಇಲ್ಲ.

ಹೀಗೆ ಕಳೆದಾಗ ಬಂಪರ್‌ಗೆ 1,600, ಹೆಡ್‌ಲೈಟ್‌ಗೆ 2,700, ಫೆಂಡರ್‌ಗೆ 1,690, ಕ್ಲಿಪ್ಪುಗಳಿಗೆ 400, ಲೇಬರ್ 3,000, ಪೇಂಟಿಂಗ್‌ಗೆ 5,600. ಒಟ್ಟು 14,990. ಅದರಲ್ಲಿ ಕಡ್ಡಾಯ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ಮೊತ್ತ, 1,000 ಹೋಗುತ್ತದೆ. 1,500 ಸಿಸಿವರೆಗಿನ ಕಾರಿಗೆ ಇದು 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಉಳಿಯುವುದು 13,990. ಬಿಲ್ಲು ಇಪ್ಪತ್ತೊಂದು ಸಾವಿರವಾದರೂ ಕಂಪನಿಯಿಂದ ಬರುವುದು ಹದಿನಾಲ್ಕು ಸಾವಿರಕ್ಕಿಂತ ಕಡಿಮೆ.

ಇನ್ನು ಬೋನಸ್ಸಿನ ಕಡೆ. ಎನ್‌ಸಿಬಿ ಸಿಗುವುದು ಓಡಿ, ಅಂದರೆ ನಮ್ಮ ಕಾರಿನ ಸ್ವಂತ ಹಾನಿಗೆ ಕಟ್ಟುವ ಪ್ರೀಮಿಯಂ ಮೇಲೆ ಮಾತ್ರ. ಬೇರೆಯವರಿಗಾಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಭಾಗ ಇದರಿಂದ ಅಲುಗುವುದಿಲ್ಲ. ಈ ಗಾತ್ರದ ಎಂಜಿನ್ನಿನ ಕಾರಿಗೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಥರ್ಡ್ ಪಾರ್ಟಿ ದರ 3,416 ರೂಪಾಯಿ, ಕ್ಲೇಮ್ ಇದ್ದರೂ ಇಲ್ಲದಿದ್ದರೂ ಅಷ್ಟೇ. ಈ ಶಿಕ್ಷಕಿಯ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮುಂಚಿನ ಓಡಿ ಪ್ರೀಮಿಯಂ 8,000. ಹಾಗಾದರೆ 50% ಬೋನಸ್ ಅಂದರೆ ವರ್ಷಕ್ಕೆ 4,000, ಭಾವ ಹೇಳಿದ್ದು ಸರಿಯೇ. ಆದರೆ ನಷ್ಟ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಒಂದು ಕ್ಲೇಮ್ ಆದರೆ ಬೋನಸ್ ಸೊನ್ನೆಗೆ ಇಳಿದು ಮತ್ತೆ 20, 25, 35, 45, 50 ಎಂದು ಹತ್ತಬೇಕು. ಕ್ಲೇಮ್ ಮಾಡದೆ ಇದ್ದಿದ್ದರೆ ಅಷ್ಟೂ ವರ್ಷ 50ರಲ್ಲೇ ಇರುತ್ತಿತ್ತು. ವ್ಯತ್ಯಾಸ ಮೊದಲ ವರ್ಷ 50, ಎರಡನೆಯ ವರ್ಷ 30, ಆಮೇಲೆ 25, 15, 5. ಕೂಡಿದರೆ 125%. ಅಂದರೆ 50%ರ ಹಂತಕ್ಕೆ ಬಂದವರಿಗೆ ಒಂದು ಕ್ಲೇಮಿನ ಬೆಲೆ, ಬೋನಸ್ ಕಳೆಯುವ ಮುಂಚಿನ ಒಂದು ವರ್ಷದ ಓಡಿ ಪ್ರೀಮಿಯಂನ ಒಂದೂಕಾಲು ಪಟ್ಟು. ಇಲ್ಲಿ 10,000, ಅದರ ಮೇಲೆ 18% ಜಿಎಸ್‌ಟಿ ಸೇರಿ 11,800.

ಮೊದಲ ವರ್ಷದ ಪಾಲಿಸಿಯಲ್ಲೇ ಪೆಟ್ಟಾದವರಿಗೆ ಇದೇ ಲೆಕ್ಕ ಒಂದು ವರ್ಷದ ಓಡಿ ಪ್ರೀಮಿಯಂನ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಪಕ್ಕದ ಮನೆಯವರ ಅನುಭವ ನಮಗೆ ಹೊಂದಬೇಕೆಂದಿಲ್ಲ. ವರ್ಷ ಹೋದಂತೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆ, ಇಳಿದು ಓಡಿ ಪ್ರೀಮಿಯಂ ಇಳಿಯಬಹುದು, ಕ್ಲೇಮ್ ಇತಿಹಾಸ ನೋಡಿ ಕಂಪನಿ ತನ್ನ ರಿಯಾಯಿತಿ ಕಡಿಮೆ ಮಾಡಲೂಬಹುದು. ಒಂದು ನಷ್ಟವನ್ನು ತಗ್ಗಿಸುತ್ತದೆ, ಇನ್ನೊಂದು ಹೆಚ್ಚಿಸುತ್ತದೆ. ನಾವು 11,800 ಎಂದೇ ಇಟ್ಟುಕೊಂಡೆವು.

ಅಲ್ಲಿಗೆ ತಕ್ಕಡಿ 13,990ಕ್ಕೆ 11,800. ಕ್ಲೇಮ್ ಕಡೆಗೆ ಎರಡು ಸಾವಿರದಷ್ಟು ವಾಲಿತ್ತು.

ಪಾಲಿಸಿಯ ಎರಡನೆಯ ಪುಟ

ಇಷ್ಟಾದ ಮೇಲೆ ಪೂರ್ತಿ ಪಾಲಿಸಿಯ ಪಿಡಿಎಫ್ ಕಳಿಸಿ ಎಂದೆ. ಅಲ್ಲಿಯವರೆಗೆ ಅವರು ಕಳಿಸಿದ್ದು ಮೊದಲ ಪುಟದ ಫೋಟೊ ಮಾತ್ರ. ಎರಡನೆಯ ಪುಟದಲ್ಲಿ, ಕಡ್ಡಾಯ ಡಿಡಕ್ಟಿಬಲ್ ಎಂಬ ಸಾಲಿನ ಕೆಳಗೆ ಅಷ್ಟೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ವಾಲಂಟರಿ ಡಿಡಕ್ಟಿಬಲ್ 2,500. ಹಿಂದಿನ ವರ್ಷ ಆನ್‌ಲೈನ್‌ನಲ್ಲಿ ರಿನ್ಯೂ ಮಾಡುವಾಗ ಪ್ರೀಮಿಯಂ ಕಡಿಮೆ ತೋರಿಸುವ ಆಯ್ಕೆಯನ್ನು ಮಗ ಒತ್ತಿದ್ದ. ಪ್ರತಿ ಕ್ಲೇಮಿನಲ್ಲೂ 1,000ದ ಜೊತೆಗೆ ಇನ್ನೂ 2,500 ನಾನೇ ಹೊರುತ್ತೇನೆ ಎಂದು ಒಪ್ಪಿದಂತೆ ಅದು.

ಈಗ ಕಂಪನಿಯಿಂದ ಬರುವುದು 11,490. ಹೋಗುವುದು 11,800. ತಕ್ಕಡಿ ಆಚೆ ಕಡೆಗೆ ವಾಲಿತು.

ಇನ್ನೊಂದು ದಾರಿಯೂ ಇತ್ತು. ಕ್ಲೇಮ್ ಮಾಡದಿದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗಬೇಕೆಂದಿಲ್ಲ. ಪರಿಚಯದ ಹೊರಗಿನ ಗ್ಯಾರೇಜಿನವರು ಬಂಪರ್ ಮತ್ತು ಹೆಡ್‌ಲೈಟ್ ಒರಿಜಿನಲ್ ತರಿಸಿ, ಫೆಂಡರ್ ಬದಲಿಸದೆ ಟಿಂಕರಿಂಗ್ ಮಾಡಿ, ಪೇಂಟ್ ಹೊಡೆದು 15,000ಕ್ಕೆ ಮುಗಿಸುತ್ತೇನೆ ಎಂದರು. ಕ್ಲೇಮ್ ಹಾದಿಯಲ್ಲಾದರೆ ಈಗ ಕೈಯಿಂದ 9,910, ಮುಂದೆ ಪ್ರೀಮಿಯಂನಲ್ಲಿ 11,800, ಒಟ್ಟು 21,710. ಹೊರಗೆ ಕೈಯಿಂದ ಮಾಡಿಸಿದರೆ 15,000. ಹೋಲಿಸಬೇಕಾದದ್ದು ಈ ಎರಡನ್ನು. ಶೋರೂಂ ಎಸ್ಟಿಮೇಟನ್ನು ಬೋನಸ್ಸಿನ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ತೀರ್ಮಾನಕ್ಕೆ ಮುಂಚೆ ನಾನು ಕೇಳಿದ ಇನ್ನೊಂದು ಪ್ರಶ್ನೆ, ಹತ್ತಿರದಲ್ಲಿ ಹೊಸ ಕಾರು ಕೊಳ್ಳುವ ಯೋಚನೆ ಇದೆಯೇ ಎಂಬುದು. ಎನ್‌ಸಿಬಿ ಕಾರಿನ ಆಸ್ತಿಯಲ್ಲ, ಮಾಲೀಕರ ಆಸ್ತಿ. ಹಳೆಯ ಕಾರು ಮಾರಿ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಅದನ್ನು ಬಳಸಬಹುದು. ಹೊಸ ಕಾರಿನ ಓಡಿ ಪ್ರೀಮಿಯಂ 24,000 ಇದ್ದರೆ ಮೊದಲ ವರ್ಷವೇ 12,000 ಉಳಿಯುತ್ತದೆ. ಆಗ ಕ್ಲೇಮಿನ ನಿಜವಾದ ಬೆಲೆ 11,800 ಅಲ್ಲ, ಅದರ ಮೂರು ಪಟ್ಟು. ಇವರಿಗೆ ಆ ಯೋಚನೆ ಇರಲಿಲ್ಲ. ಮನೆಯವರು ದೊಡ್ಡ ಕಾರು ನೋಡುತ್ತಿದ್ದರು, ಆದರೆ ಅದು ಪತಿಯ ಹೆಸರಿನಲ್ಲಿ. ಹೆಂಡತಿಯ ಎನ್‌ಸಿಬಿ ಗಂಡನ ಹೆಸರಿನ ಕಾರಿಗೆ ದಾಟುವುದಿಲ್ಲ. ಮಾಲೀಕರು ತೀರಿಕೊಂಡಾಗ ವಾರಸುದಾರರಿಗೆ ಸಿಗುವುದು ಬಿಟ್ಟರೆ ಅದು ಕೈ ಬದಲಾಯಿಸುವುದಿಲ್ಲ. ಹಾಗಾಗಿ ಲೆಕ್ಕ ಹಳೆಯ ಕಾರಿನ ಮೇಲೆಯೇ ನಿಂತಿತು, ಮತ್ತು ಕ್ಲೇಮ್ ಬೇಡ ಎಂದು ತೀರ್ಮಾನವಾಯಿತು.

ಸರ್ವಿಸ್ ಸೆಂಟರ್‌ನ ಸಲಹೆಗಾರ ಅವರನ್ನು ಬಿಟ್ಟುಕೊಡಲು ಇಷ್ಟಪಡಲಿಲ್ಲ. ಹಿಂದಿನ ಬಾಗಿಲ ಮೇಲೆ ವರ್ಷದ ಹಿಂದಿನ ಉದ್ದನೆಯ ಗೀರು ಒಂದಿತ್ತು. "ಮೇಡಂ, ಅದನ್ನೂ ಇದರಲ್ಲೇ ಸೇರಿಸಿಬಿಡೋಣ, ನಿಮಗೇ ಲಾಭ" ಎಂದ. ಅವರು ಒಪ್ಪಲಿಲ್ಲ. ಎರಡು ಘಟನೆ ಅಂದರೆ ಎರಡು ಕ್ಲೇಮ್, ಎರಡು ಸಲ ಡಿಡಕ್ಟಿಬಲ್. ಮುಂಭಾಗದ ಎಡಮೂಲೆಗೆ ಬಿದ್ದ ಗುದ್ದು ಹಿಂದಿನ ಬಾಗಿಲನ್ನು ಗೀರುವುದಿಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಸುಳ್ಳು ಸೇರಿದರೆ ನಿಜವಾದ ಪೆಟ್ಟಿನ ಹಣವೂ ನಿಲ್ಲಬಹುದು. ಇಂಥ ಸಲಹೆಯನ್ನು ನಗುನಗುತ್ತ ಕೊಡುವವರ ಮೇಲೆ ನನಗೆ ಸಿಟ್ಟಿದೆ, ಯಾಕೆಂದರೆ ಸಹಿ ಮಾಡುವುದು ಅವರಲ್ಲ, ಗಾಡಿಯವರು. ರಿನ್ಯೂವಲ್ ಆದ ಮೇಲೆ ಅಪಘಾತ ಆಯಿತು ಎಂದು ತೋರಿಸಿ ಎಂದೋ, ಬೇರೆ ಕಂಪನಿಗೆ ಹೋಗಿ ಕ್ಲೇಮ್ ಆಗಿಲ್ಲ ಎಂದು ಬರೆದುಕೊಡಿ ಎಂದೋ ಹೇಳುವವರೂ ಇದೇ ಸಾಲಿನವರು. ಹೊಸ ಕಂಪನಿ ಹಳೆಯ ಕಂಪನಿಯಲ್ಲಿ ಪರಿಶೀಲಿಸುತ್ತದೆ. ಸುಳ್ಳೆಂದು ಗೊತ್ತಾದರೆ ಮುಂದಿನ ದೊಡ್ಡ ಅಪಘಾತದ ದಿನ ಸ್ವಂತ ಹಾನಿಯ ರಕ್ಷಣೆಯೇ ಕೈಕೊಡುತ್ತದೆ.

ಹೊರಗಿನ ಗ್ಯಾರೇಜಿನಲ್ಲಿ

ಆ ನಡುವೆ ಅವರು ಒಂದು ಮಾತನ್ನು ಸುಮ್ಮನೆ ಎಂಬಂತೆ ಹೇಳಿದ್ದರು: "ಏಸಿ ಯಾಕೋ ಮೊದಲಿನ ಹಾಗೆ ತಣ್ಣಗೆ ಬರ್ತಿಲ್ಲ." ಈ ಮಾತು ಕೇಳಿದ ಮೇಲೆ ಕಾರು ಓಡಿಸಬೇಡಿ, ಗ್ಯಾರೇಜಿಗೆ ಬಿಟ್ಟು ಮೊದಲು ಬಂಪರ್ ಬಿಚ್ಚಿ ನೋಡಲು ಮಾತ್ರ ಹೇಳಿ, ಭಾಗಗಳನ್ನು ಆಗಲೇ ತರಿಸಬೇಡಿ ಎಂದೆ. ಇಂಟಿಮೇಷನ್ ನಂಬರನ್ನು ಇನ್ನೂ ಮುಚ್ಚಿಸಿರಲಿಲ್ಲ.

ಗ್ಯಾರೇಜಿನವರು ಬಂಪರ್ ಇಳಿಸಿ, "ಮೇಡಂ, ಒಂದ್ನಿಮಿಷ ಇಲ್ಲಿ ಬನ್ನಿ" ಎಂದು ಕರೆದರು. ಬಂಪರ್ ಹಿಂದೆ, ಏಸಿ ಕಂಡೆನ್ಸರ್‌ನ ಎಡಗಡೆಯ ಮೂಲೆ ಒಳಕ್ಕೆ ಮಡಚಿತ್ತು. ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಒಂದು ಕೊಳವೆಯ ಸುತ್ತ ಎಣ್ಣೆಯ ಕಲೆ, ಅಂದರೆ ಗ್ಯಾಸ್ ಹೋಗಿದೆ. ಅದರ ಹಿಂದಿನ ರೇಡಿಯೇಟರ್‌ನ ಕೆಳಮೂಲೆಯಿಂದ ಹಸಿರು ಕೂಲಂಟ್ ಹನಿಹನಿಯಾಗಿ ಜಿನುಗುತ್ತಿತ್ತು. ಇವೆರಡನ್ನೂ ಹಿಡಿದಿಡುವ ಸಪೋರ್ಟ್ ಪ್ಯಾನಲ್ ಹೆಡ್‌ಲೈಟ್ ಕೂರುವ ಜಾಗದಲ್ಲಿ ಸೊಟ್ಟಗಾಗಿತ್ತು. ಹೊಸ ಹೆಡ್‌ಲೈಟ್ ಹಾಕಿದ್ದರೂ ಬೆಳಕು ರಸ್ತೆಯ ಮೇಲೆ ಸರಿಯಾಗಿ ಬೀಳುತ್ತಿರಲಿಲ್ಲ.

ಇನ್ನೊಂದು ವಾರ ಹಾಗೇ ಓಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲೇ ಹೇಳಬೇಕು. ಕೂಲಂಟ್ ಇಳಿದು ಎಂಜಿನ್ ಅತಿಯಾಗಿ ಕಾಯ್ದು ಹೆಡ್ ಗ್ಯಾಸ್ಕೆಟ್ ಹೋದರೆ ಆ ಖರ್ಚನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಅಪಘಾತದ ಬೆನ್ನಿಗೆ ಬರುವ ಪರೋಕ್ಷ ನಷ್ಟ ಅದರ ವ್ಯಾಪ್ತಿಯಲ್ಲಿಲ್ಲ. ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ ಆ ಹೊಣೆ ಮಾಲೀಕರದ್ದೇ ಎಂಬ ಷರತ್ತೂ ಇದೆ. "ಓಡ್ತಾ ಇದೆಯಲ್ಲ" ಎಂಬ ಸಮಾಧಾನಕ್ಕೆ ಜನ ತೆರುವ ಬೆಲೆ ಒಮ್ಮೊಮ್ಮೆ ಎಂಜಿನ್ನೇ ಆಗಿರುತ್ತದೆ.

ಕೆಲಸ ಅಲ್ಲಿಗೇ ನಿಲ್ಲಿಸಲಾಯಿತು. ಬಿಚ್ಚಿದ ಸ್ಥಿತಿಯಲ್ಲೇ ಫೋಟೊ, ವಿಡಿಯೊ ತೆಗೆದು, ಇಂಟಿಮೇಷನ್ ನಂಬರ್ ಹಾಕಿ ವಿಮಾ ಕಂಪನಿಗೆ ಇಮೇಲ್ ಹೋಯಿತು. ಹೊರಗಿನ ಗ್ಯಾರೇಜಿನವರು ಬಿಚ್ಚಿದ್ದಕ್ಕೆ 600 ತೆಗೆದುಕೊಂಡು, "ಇದು ನಿಮಗೆ ಕ್ಲೇಮಲ್ಲೇ ಸರಿಹೋಗುತ್ತೆ" ಎಂದು ತಾವಾಗಿಯೇ ಹೇಳಿದರು. ಹದಿನೈದು ಸಾವಿರದ ಕೆಲಸ ಕೈಬಿಟ್ಟು ಹೀಗೆ ಹೇಳಿದ ಆ ಮನುಷ್ಯರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಮತ್ತೆ ಲೆಕ್ಕ

ಅಧಿಕೃತ ಸರ್ವಿಸ್ ಸೆಂಟರ್‌ನ ಹೊಸ ಎಸ್ಟಿಮೇಟ್ 44,200. ಹೆಚ್ಚಿಗೆ ಸೇರಿದ್ದು ಕಂಡೆನ್ಸರ್ 7,800, ರೇಡಿಯೇಟರ್ 5,600, ಸಪೋರ್ಟ್ ಪ್ಯಾನಲ್ 3,400, ಲೇಬರ್ 3,800, ಏಸಿ ಗ್ಯಾಸ್ ಮತ್ತು ಕೂಲಂಟ್ 2,200. ಗ್ಯಾಸ್, ಕೂಲಂಟ್, ಎಣ್ಣೆ ಇವು ಕನ್ಸ್ಯೂಮಬಲ್ಸ್, ಅಂದರೆ ಬಳಸಿ ಮುಗಿಯುವ ಸಾಮಗ್ರಿ. ಅದರ ಆಡ್-ಆನ್ ಇಲ್ಲದಿದ್ದರೆ ಕೈಯಿಂದಲೇ. ಉಳಿದ ಮೂರು ಭಾಗಗಳನ್ನು ಲೋಹವೆಂದು ಹಿಡಿದರೆ 35% ಕಳೆದು 10,920, ಲೇಬರ್ 3,800. ಹಿಂದಿನ 14,990ಕ್ಕೆ ಇದನ್ನು ಸೇರಿಸಿ, ಎರಡೂ ಡಿಡಕ್ಟಿಬಲ್ ಸೇರಿ 3,500 ಕಳೆದರೆ ಕಂಪನಿಯಿಂದ ಬರಬೇಕಾದದ್ದು 26,210.

ಹೊರಗಿನ ಗ್ಯಾರೇಜಿನ ಹೊಸ ಅಂದಾಜು 34,500. ಕ್ಲೇಮ್ ಹಾದಿಯಲ್ಲಿ ಈಗ ಕೈಯಿಂದ 17,990, ಮುಂದೆ ಪ್ರೀಮಿಯಂನಲ್ಲಿ 11,800, ಒಟ್ಟು 29,790. ಉಳಿತಾಯ ಐದು ಸಾವಿರಕ್ಕೂ ಕಡಿಮೆ. ಆದರೆ ಎರಡು ಸಂಗತಿ ಆ ಅಂಕಿಯೊಳಗೆ ಕಾಣುವುದಿಲ್ಲ. 34,500 ಇವತ್ತೇ ಎಣಿಸಬೇಕಾದ ಹಣ. 11,800 ಐದು ವರ್ಷಕ್ಕೆ ಹರಡಿದ ಹಣ, ಅದರಲ್ಲೂ ಮೊದಲ ಎರಡು ವರ್ಷದ್ದೇ ಹೆಚ್ಚು. ಜೊತೆಗೆ ಈ ಐದು ವರ್ಷದಲ್ಲಿ ಎಂದಾದರೂ ಇನ್ನೊಂದು ಕ್ಲೇಮ್ ಅನಿವಾರ್ಯವಾದರೆ, ಇವತ್ತು ಕಾಪಾಡಿಕೊಂಡ ಬೋನಸ್ ಅವತ್ತು ಹೇಗಿದ್ದರೂ ಹೋಗುತ್ತಿತ್ತು. ಅಂದರೆ 11,800 ಎಂಬುದು ಮುಂದೆ ಏನೂ ಆಗದಿದ್ದರೆ ಮಾತ್ರ ಪೂರ್ತಿಯಾಗುವ ನಷ್ಟ. ಸಂಬಳದ ಮೇಲೆ ಮನೆ ನಡೆಸುವವರಿಗೆ ಈ ಎರಡೂ ಮುಖ್ಯ. ಅವರು ಕ್ಲೇಮ್ ಮಾಡಿದರು.

ನಡೆದದ್ದು

ಕಾರನ್ನು ಎಳೆಸಿಕೊಂಡೇ ಹೋಗಬೇಕಾಯಿತು. ಟೋಯಿಂಗ್‌ಗೆ 1,800 ಆಯಿತು. ಖಾಸಗಿ ಕಾರಿಗೆ ಪಾಲಿಸಿ ಕೊಡುವ ಮಿತಿ 1,500. ಮೋಟಾರ್ ನಷ್ಟ 50,000 ರೂಪಾಯಿಗಿಂತ ಕಡಿಮೆ ಇದ್ದರೆ ಹಾನಿ ಅಳೆಯಲು ಲೈಸೆನ್ಸ್ ಹೊಂದಿದ ಸರ್ವೇಯರನ್ನು ನೇಮಿಸುವುದು ಕಡ್ಡಾಯವಲ್ಲ, ಹಾಗಾಗಿ ಕಂಪನಿಯ ಸಿಬ್ಬಂದಿಯೇ ಬಂದು ನೋಡಿದರು. ಹೊರಗಿನ ಗ್ಯಾರೇಜಿನಲ್ಲಿ ಯಾಕೆ ಬಿಚ್ಚಿಸಿದಿರಿ ಎಂದು ಅವರು ಕೇಳಿದ್ದು ಸಹಜವೇ. ಅಪಘಾತದ ಜಾಗದ ಫೋಟೊ, ಮರುದಿನದ ಇಂಟಿಮೇಷನ್, ಬಿಚ್ಚುವಾಗಿನ ವಿಡಿಯೊ ಮೂರೂ ತಾರೀಖಿನ ಪ್ರಕಾರ ಸಾಲಾಗಿ ಇದ್ದುದರಿಂದ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕ್ಲಿಪ್ಪುಗಳ 400 ಮತ್ತು ಲೇಬರ್‌ನಲ್ಲಿ 500 ಹೊಡೆದುಹಾಕಿ, 25,310ಕ್ಕೆ ಒಪ್ಪಿಗೆ ಕೊಟ್ಟರು. ಶಿಕ್ಷಕಿ 18,890 ಕಟ್ಟಿ ಕಾರು ಬಿಡಿಸಿಕೊಂಡರು. ಟೋಯಿಂಗ್‌ನಲ್ಲಿ ಕೈಯಿಂದ ಹೋದ 300, ಬಿಚ್ಚಿಸಿದ 600 ಎಲ್ಲ ಸೇರಿಸಿ, ಮುಂದಿನ ಬೋನಸ್ ನಷ್ಟವನ್ನೂ ಪೂರ್ತಿ ಹಿಡಿದರೆ, ಹೊರಗಿನ ಗ್ಯಾರೇಜಿನ ಅಂದಾಜಿಗಿಂತ ಸುಮಾರು 2,900 ಕಡಿಮೆ.

ಗೂಡ್ಸ್ ಆಟೊದವನ ವಿಮಾ ಕಂಪನಿಯಿಂದ ನಷ್ಟ ವಸೂಲಿ ಮಾಡಬಹುದಿತ್ತಲ್ಲ ಎಂದು ಓದಿದವರು ಕೇಳಬಹುದು. ಕಾನೂನಿನಲ್ಲಿ ದಾರಿ ಇದೆ. ಥರ್ಡ್ ಪಾರ್ಟಿಯ ಆಸ್ತಿ ನಷ್ಟಕ್ಕೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆದರೆ ಮೂವತ್ತು ನಲವತ್ತು ಸಾವಿರದ ಹಾನಿಗೆ ವಕೀಲರು, ವಿಚಾರಣೆಯ ದಿನಗಳು, ರಜೆಗಳು ಎಂದು ಲೆಕ್ಕ ಹಾಕಿ ಅವರು ಬಿಟ್ಟರು. ನನಗೆ ಇದರಲ್ಲಿ ಇವತ್ತಿಗೂ ಬೇಸರವಿದೆ. ತಪ್ಪು ಯಾರದ್ದು ಎಂದು ಎನ್‌ಸಿಬಿ ನಿಯಮ ಕೇಳುವುದೇ ಇಲ್ಲ. ನಿಂತ ಕಾರಿಗೆ ಬೇರೆಯವರು ಬಂದು ಗುದ್ದಿದರೂ, ನಮ್ಮ ಪಾಲಿಸಿಯಿಂದ ಹಣ ಪಡೆದರೆ ಬೋನಸ್ ಹೋಗುತ್ತದೆ. ಶಿಸ್ತಾಗಿ ಓಡಿಸುವವರಿಗೆ ಕೊಡುವ ಬಹುಮಾನ ಎಂದು ಹೇಳಿ, ಬೇರೆಯವರ ಅಶಿಸ್ತಿಗೆ ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಈ ಪ್ರಕರಣದಿಂದ ಎತ್ತಿಕೊಳ್ಳಬೇಕಾದದ್ದು

ಈ ಪ್ರಕರಣದಲ್ಲಿ ಲೆಕ್ಕ ಕಷ್ಟದ್ದೇನೂ ಆಗಿರಲಿಲ್ಲ, ಅಂಕಿಗಳು ಒಂದೊಂದಾಗಿ ತಡವಾಗಿ ಬಂದವು ಅಷ್ಟೇ. ವಾಲಂಟರಿ ಡಿಡಕ್ಟಿಬಲ್ ಎರಡನೆಯ ಪುಟದಲ್ಲಿತ್ತು. ಕಂಡೆನ್ಸರ್ ಬಂಪರ್ ಹಿಂದೆ ಇತ್ತು. ಪ್ರತಿ ಸಲ ಹೊಸ ಅಂಕಿ ಬಂದಾಗ ಉತ್ತರ ಬದಲಾಯಿತು. ಆದ್ದರಿಂದ ನಾನು ಕೇಳಿದವರಿಗೆಲ್ಲ ಹೇಳುವುದು, ಮೊದಲ ದಿನವೇ ಕ್ಲೇಮ್ ಮಾಡುವುದೋ ಬಿಡುವುದೋ ಎಂದು ಪಟ್ಟು ಹಿಡಿಯಬೇಡಿ ಎಂದು. ಕಂಪನಿಗೆ ತಿಳಿಸಿ, ಫೋಟೊ ಇಟ್ಟುಕೊಳ್ಳಿ, ಪಾಲಿಸಿ ಪೂರ್ತಿ ಓದಿ, ಬಿಚ್ಚಿಸಿ ನೋಡಿ, ಆಮೇಲೆ ನಿರ್ಧರಿಸಿ. ಇವರಿಗೆ ಎರಡು ಬಾಗಿಲೂ ಕೆಲವು ದಿನ ತೆರೆದಿದ್ದವು, ಅದರಿಂದಲೇ ಎರಡನೆಯ ತೀರ್ಮಾನ ಸಾಧ್ಯವಾಯಿತು. ತಿಳಿಸದೆ, ಫೋಟೊ ಇಲ್ಲದೆ ಹೊರಗೆ ಬಿಚ್ಚಿಸಿದ್ದರೆ ಅದೇ ಕಂಡೆನ್ಸರ್ ಅವರ ಕೈಯಿಂದಲೇ ಹೋಗುತ್ತಿತ್ತು.

ಬಂಪರ್ ಹಿಂದೆ ಏನೂ ಆಗದೆ ಇದ್ದಿದ್ದರೆ? ಹದಿನೈದು ಸಾವಿರ ಕೈಯಿಂದ ಹಾಕಿ, ಇಂಟಿಮೇಷನ್ ಮುಚ್ಚಿಸಿ, ಇಮೇಲ್ ಪಡೆದು 50% ಬೋನಸ್ಸಿಗೆ ಹೋಗುವುದೇ ಸರಿ ಇರುತ್ತಿತ್ತು. ಅದೇ ಶಿಕ್ಷಕಿ ಮುಂದಿನ ವರ್ಷ ತಮ್ಮ ಹೆಸರಿನಲ್ಲೇ ಹೊಸ ಕಾರು ಕೊಳ್ಳುವವರಾಗಿದ್ದರೆ, 44,200ರ ಎಸ್ಟಿಮೇಟ್ ಬಂದ ಮೇಲೂ ಕ್ಲೇಮ್ ಬೇಡ ಎನ್ನುತ್ತಿದ್ದೆ. ಪೆಟ್ಟು ಒಂದೇ ಆದರೂ ಮಾಲೀಕರು ಬೇರೆಯಾದರೆ ಉತ್ತರ ಬೇರೆ.

ರಿನ್ಯೂವಲ್ ಕೆಲವೇ ವಾರದಲ್ಲಿ ಬಂತು. ಬೋನಸ್ ಸೊನ್ನೆ. ಈ ಸಲ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಆಯ್ಕೆಯನ್ನೂ ಓದಿಸಿ ಕೇಳಿದರಂತೆ. ವಾಲಂಟರಿ ಡಿಡಕ್ಟಿಬಲ್ ತೆಗೆಸಿದರು. ಐದು ವರ್ಷ ದಾಟಿದ ಕಾರಿಗೆ ಜೀರೋ ಡೆಪ್ ಕೊಡಲು ಅವರ ಕಂಪನಿ ಒಪ್ಪಲಿಲ್ಲ, ಬೇರೊಂದು ಕಂಪನಿ ಕಾರನ್ನು ಪರೀಕ್ಷಿಸಿ ಕೊಡುತ್ತೇನೆ ಎಂದಿತು. ಅದರ ಹೆಚ್ಚುವರಿ ಪ್ರೀಮಿಯಂ ಎಷ್ಟು, ಲೋಹಕ್ಕೆ ಇನ್ನು ಮುಂದೆ 40% ಕಡಿತ ಎಂಬುದನ್ನು ನೋಡಿದರೆ ಅದು ಬೆಲೆ ಬಾಳುತ್ತದೆಯೇ ಎಂದು ಅವರೇ ಹಾಳೆಯ ಮೇಲೆ ಬರೆದು, ನನಗೆ ಫೋಟೊ ಕಳಿಸಿದರು. ಕೂಡಿಸಿ ಕಳೆದದ್ದು ಎಲ್ಲೂ ತಪ್ಪಿರಲಿಲ್ಲ.